ಮನೆ ನೋಡಲು ಬಂದವರು

ಜೆರಾಕ್ಸ್ ಅಂಗಡಿಯಿಂದ ಓಡೋಡಿ ಬಂದ ಮಗಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಅವಳು ಬಿಟ್ಟುಹೋದ ಒಂಟಿ ಕೋಣೆಯ ಮನೆ ಇದಾಗಿರಲಿಲ್ಲ. ಮೆತ್ತೆ ಹಾಕಿದ ಎರಡು ಕುರ್ಚಿ, ಗಿರಗಿರನೆ ತಿರುಗುವ ಟೇಬಲ್ ಫ್ಯಾನು, ಚಿನ್ನದ ಅಂಚಿನ ಪಿಂಗಾಣಿ ಕಪ್ಪು. ಮೂಲೆಯಲ್ಲಿದ್ದ ಅಮ್ಮನ ಹೊಲಿಗೆ ಯಂತ್ರಕ್ಕೆ ಮಾತ್ರ ತಲೆಯಿಂದ ಕಾಲಿನವರೆಗೆ ದುಪ್ಪಟಿ ಹೊದಿಸಿತ್ತು.

"ಏನಮ್ಮಾ ಇದು?"

"ಕುರ್ಚಿ ಡ್ರೈವರಣ್ಣಂದು, ಫ್ಯಾನು ಇಸ್ತ್ರಿ ಅಕ್ಕಂದು, ಕಪ್ಪು ಎದುರುಮನೆ ನರ್ಸಮ್ಮಂದು. ಬಾಯಿ ಬಿಟ್ಟು ಕೇಳಿದ್ದೇ ತಡ, ಕೊಟ್ಟರು ನೋಡು. ನರ್ಸಮ್ಮ ಪಾಪ, ಡ್ಯೂಟಿಗೆ ಹೊರಟಿದ್ದೋಳು ನಿಂತು ಕಪ್ಪು ತೊಳೆದುಕೊಟ್ಟು ಹೋದಳು."

"ಅಯ್ಯೋ, ಟ್ರಸ್ಟಿನವರು ಬರ್ತಿರೋದೇ ನಾವು ಬಡವರು ಹೌದೋ ಅಲ್ಲವೋ ಅಂತ ನೋಡೋಕೆ ಕಣಮ್ಮಾ."

"ಬರಲಿ. ಮನೆಗೆ ಬಂದವರನ್ನ ನೆಲದ ಮೇಲೆ ಕೂರಿಸೋಕಾಗುತ್ತಾ? ಬಡತನಾನ ಅರ್ಜಿಯಲ್ಲಿ ಬರೆದಾಯ್ತಲ್ಲ, ಮನೇಲೂ ಹರವಬೇಕಾ?"

ಮಗಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ನೂರರಲ್ಲಿ ಒಬ್ಬರಿಗೂ ದಕ್ಕದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಆದರೆ ಅದು ಇದ್ದದ್ದು ಬೇರೆ ರಾಜ್ಯದಲ್ಲಿ. ವಿದ್ಯಾರ್ಥಿವೇತನ ಕೇಳಿದರೆ ಈ ಕಡೆಯವರು 'ಇಲ್ಲೇ ಓದುವವರಿಗೆ ಮಾತ್ರ' ಎಂದರು, ಆ ಕಡೆಯವರು 'ಇಲ್ಲೇ ಹುಟ್ಟಿದವರಿಗೆ ಮಾತ್ರ' ಎಂದರು. ಹದಿನಾರು ಅರ್ಜಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದ ಮೇಲೆ ಉಳಿದದ್ದು ಈ ಒಂದು ಟ್ರಸ್ಟು.

ಕುರ್ಚಿಯನ್ನಾದರೂ ಆಚೆ ಸಾಗಿಸೋಣವೆಂದು ಅವಳು ಕೈ ಹಾಕುವಷ್ಟರಲ್ಲಿ ಟ್ರಸ್ಟಿನವರು ಬಂದೇಬಿಟ್ಟರು. ಬಿಸಿಲಲ್ಲಿ ನಡೆದು ಅಂಗಿ ಬೆನ್ನಿಗೆ ಅಂಟಿಕೊಂಡಿದ್ದ ವಯಸ್ಸಾದ ಮನುಷ್ಯ. ಕುರ್ಚಿಯಲ್ಲಿ ಕೂತು, ಫ್ಯಾನಿಗೆ ಮುಖವೊಡ್ಡಿ, ಚಹಾದ ಕಪ್ಪನ್ನು ಪಕ್ಕಕ್ಕಿಟ್ಟುಕೊಂಡು ಫಾರಂ ತೆಗೆದರು.

"ಇದೆಲ್ಲ ನಿಮ್ಮದೇನಮ್ಮಾ?"

ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ, "ನಮ್ಮದೇ ಸಾರ್" ಎಂದಳು. ಅವರು ಬರೆದುಕೊಂಡರು: ಕುರ್ಚಿ ಎರಡು, ಫ್ಯಾನು ಒಂದು. ಒಂದೊಂದು ಸಾಲಿಗೂ ವಿಶ್ವವಿದ್ಯಾಲಯ ಒಂದೊಂದು ಊರು ದೂರ ಸರಿದಂತಾಯಿತು ಮಗಳಿಗೆ.

ಅಷ್ಟರಲ್ಲಿ ಇಸ್ತ್ರಿ ಅಕ್ಕ ಬಾಗಿಲಲ್ಲಿ ಇಣುಕಿದಳು. "ಅಕ್ಕಾ, ತಪ್ಪು ತಿಳೀಬೇಡ. ಮಗು ಸೆಕೆಗೆ ಒಂದೇ ಸಮ ಅಳ್ತಿದೆ..."

"ಫ್ಯಾನು ರಿಪೇರಿಗೆ ಕೊಡಬೇಕಿತ್ತು, ಅದಕ್ಕೇ ಬಂದಿದ್ದಾಳೆ" ಎಂದಳು ಅಮ್ಮ. ಚೆನ್ನಾಗಿಯೇ ತಿರುಗುತ್ತಿದ್ದ ಫ್ಯಾನು ಹೊರಟುಹೋಯಿತು. ಟ್ರಸ್ಟಿನವರು ಆ ಸಾಲಿನ ಮೇಲೆ ಗೆರೆ ಎಳೆದರು.

ಗೆರೆಯ ಶಾಯಿ ಒಣಗುವ ಮೊದಲೇ ಡ್ರೈವರಣ್ಣ ಬಂದ. "ಓ, ಇನ್ನೂ ಇದ್ದಾರಾ? ಹಾಗಿದ್ರೆ ಒಂದೇ ಕುರ್ಚಿ ಕೊಡಕ್ಕ, ಸಾಕು. ಮಾವ ಬಂದಿದ್ದಾರೆ, ಮಂಡಿನೋವು, ನಿಂತೇ ಇದ್ದಾರೆ."

ಟ್ರಸ್ಟಿನವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನೂ ಅವನ ಕೈಗೆ ದಾಟಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮತ್ತೊಂದು ಗೆರೆ. ಅಮ್ಮ ತಲೆ ಎತ್ತಲಿಲ್ಲ.

"ಬಿಡಿ ತಾಯಿ" ಎಂದರು ಅವರು. "ನಿನ್ನೆ ಒಂದು ಮನೆಗೆ ಹೋಗಿದ್ದೆ. ಒಂದು ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಗೋಡೆಯಲ್ಲಿ ಮಾತ್ರ ಟಿವಿಯಷ್ಟಗಲ ಜಾಗ ಬೆಳ್ಳಗಿತ್ತು." ಆಮೇಲೆ ಮೂಲೆಯ ಕಡೆ ನೋಡಿ, "ಆ ದುಪ್ಪಟಿ ಕೆಳಗೇನಿದೆ?"

"ಹೊಲಿಗೆ ಮಷೀನು ಸಾರ್. ಹಳೇದು, ನೋಡೋಕೆ ಚೆನ್ನಾಗಿಲ್ಲ ಅಂತ ಮುಚ್ಚಿದೆ." ಅಮ್ಮನ ದನಿ ಇಳಿಯಿತು. "ಅದೊಂದು ನಮ್ಮದೇ."

ಅವರು ಅದನ್ನು ಬರೆದುಕೊಂಡು ಸಹಿ ಹಾಕಿದರು. ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅದನ್ನೆತ್ತಿ ಬಾಯಿಯ ಹತ್ತಿರ ತಂದವರು, ಬಾಗಿಲ ಕಡೆ ಒಮ್ಮೆ ನೋಡಿ ತಡೆದರು.

"ಈ ಕಪ್ಪಿನವರು ಎಷ್ಟೊತ್ತಿಗೆ ಬರ್ತಾರೆ ತಾಯಿ? ನಿಧಾನವಾಗಿ ಕುಡೀಬಹುದಾ?"