ಹಸಿರು ಸ್ವೆಟರಿನ ಹೆಂಗಸು

ಗುಜರಿಯಲ್ಲಿ ಸಿಕ್ಕಿತೆಂದು ಭಾಮೈದ ತಂದುಕೊಟ್ಟಿದ್ದ ಆಟಿಕೆ ರೈಲಿನ ಬಿಡಿಭಾಗಗಳ ಡಬ್ಬಿಯನ್ನು ಗಡಿಯಾರ ರಿಪೇರಿಯವನು ಕೆದಕುತ್ತಿದ್ದಾಗ, ಚಿಮಟಕ್ಕೆ ಬೋಗಿಯ ಸೀಟೊಂದು ಸಿಕ್ಕಿತು. ಸೀಟಿನ ಮೇಲೆ ಉಗುರಿನಷ್ಟೆತ್ತರದ ಹೆಂಗಸು, ಹಸಿರು ಸ್ವೆಟರು, ಮೂಗಿನ ಮೇಲೆ ಕನ್ನಡಕ. ಅವನ ಕೈ ಅಲ್ಲೇ ನಿಂತಿತು. ಹೋದ ವರ್ಷ ತೀರಿಕೊಂಡ ಗೆಳೆಯ ಭೂತಗನ್ನಡಿ ಹಿಡಿದು ತನ್ನ ಹೆಂಡತಿಯನ್ನೇ ಹಾಗೆ ಬೊಂಬೆ ಮಾಡಿ, ತನ್ನ ಆಟಿಕೆ ರೈಲಿನ ಕಿಟಕಿ ಪಕ್ಕ ಕೂರಿಸಿದ್ದ.

“ಇದೆಲ್ಲಿ ಸಿಕ್ತೋ, ನಿಜ ಹೇಳು.”

“ನಿಮ್ಮ ಗೆಳೆಯರ ಮನೇಲೇ ಭಾವ. ರಿಪೇರಿಗೆ ನೀವು ಕೇಳಿದ್ದೀರಿ ಅಂದೆ, ಆಯಮ್ಮ ಬೋಗಿಗಳನ್ನೆಲ್ಲ ಬಟ್ಟೇಲಿ ಸುತ್ತಿ ಕೊಟ್ರು. ಇಡಿಯಾಗಿ ತಂದ್ರೆ ನೀವು ಮುಟ್ತಿರಲಿಲ್ಲ, ಅದಕ್ಕೇ ಮುರಿದು ತಂದೆ.” ಭಾಮೈದ ಹಲ್ಲು ಕಿರಿದ. “ಸತ್ತವರು ರೈಲು ಓಡಿಸ್ತಾರಾ?”

ರಿಪೇರಿಯವನು ಚಿಮಟ ಕೆಳಗಿಟ್ಟ. ಬೆಳಗಿನಿಂದ ಸಿಳ್ಳೆ ಹಾಕುತ್ತ ಜೋಡಿಸಿದ್ದ ಹೊಸ ಬೋಗಿ ಮೇಜಿನ ಮೇಲಿತ್ತು. ಅದರ ಚಾವಣಿ, ಚಕ್ರ, ಬಾಗಿಲು ಎಲ್ಲವೂ ಆ ಡಬ್ಬಿಯವೇ. ಬೆರಳಿಗೆ ಮೆತ್ತಿದ್ದ ಅಂಟು ಪ್ಯಾಂಟಿಗೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ತನ್ನ ಕೈ ನೋಡಿಕೊಳ್ಳುವುದಕ್ಕೂ ಅವನಿಗೆ ಹೇಸಿಗೆಯಾಯಿತು. ಬೋಗಿಯನ್ನೂ ಬೊಂಬೆಯನ್ನೂ ಡಬ್ಬಿಗೆ ಹಾಕಿ ಭಾಮೈದನ ಮಡಿಲಿಗಿಟ್ಟ.

“ಹೊತ್ಕೊಂಡು ನಡಿ. ಆಯಮ್ಮನ ಮುಂದೆ ನೀನೇ ಮುಚ್ಚಳ ತೆಗೀಬೇಕು. ಪಕ್ಕದಲ್ಲಿ ನಾನೂ ತಲೆ ತಗ್ಗಿಸಿ ನಿಂತಿರ್ತೀನಿ.”