ಬೈರಮ್ಮ ಹಗ್ಗ ಬಿಡಲಿಲ್ಲ

ಬಾವಿಗೆ ಇಳಿಯಲು ನಿಂತಿದ್ದ ಗಂಡನ ಸೊಂಟದ ಹಗ್ಗವನ್ನು ಬೈರಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇಳೀಬ್ಯಾಡಿ. ಕೆಳಗೆ ಬೆಂಕಿ ಐತಂತೆ. ಟೀಚರಮ್ಮ ಯೋಳವ್ರೆ."

ವೆಂಕಟಸ್ವಾಮಿ ನಾಚಿಕೆಯಿಂದ ಅತ್ತಿತ್ತ ನೋಡಿದ. ರಾಟೆಯ ಬಳಿ ಇದ್ದ ಇಬ್ಬರು ಆಳುಗಳು ನಗುತ್ತಿದ್ದರು. ದ್ರಾಕ್ಷಿ ತೋಟಕ್ಕೆಂದು ಬಾವಿ ತೋಡಿಸುತ್ತಿದ್ದ ಮುನಿರಾಮಯ್ಯನಿಗೆ ಮಾತ್ರ ನಗು ಬರಲಿಲ್ಲ. ಅರವತ್ತು ಅಡಿ ಮುಗಿದರೂ ನೀರಿನ ಸುಳಿವಿಲ್ಲ. ಮೊನ್ನೆ ಸಂಜೆ ಬಂಡೆ ಸಿಡಿಸಲು ಮದ್ದು ಹೊಡೆದಿದ್ದರು. ನಿನ್ನೆ ಕೆಲಸ ನಿಂತಿತ್ತು. ಇವತ್ತು ಈ ರಂಪ.

"ಆ ಟೀಚರಮ್ಮನ್ನೇ ಕರ್ಕೊಂಡ್ ಬಾ ಹೋಗೋ," ಎಂದು ಮುನಿರಾಮಯ್ಯ ಒಬ್ಬ ಆಳನ್ನು ಶಾಲೆಗೆ ಓಡಿಸಿದ. "ಹಚ್ಚಿದವ್ರೇ ಬಂದು ಆರಿಸ್ಲಿ."

ಗೋದಾ ಕೊಡಿಗೇಹಳ್ಳಿ ಶಾಲೆಗೆ ಟೀಚರಾಗಿ ಬಂದು ಎಂಟು ತಿಂಗಳಾಗಿತ್ತು. ವಾರಕ್ಕೆ ಮೂರು ಸಂಜೆ ಊರಿನ ಹೆಂಗಸರಿಗೂ ಪಾಠ ಹೇಳುತ್ತಿದ್ದಳು. ನಿನ್ನೆ ಸಂಜೆ ಮಾವಿನಹಣ್ಣು ಕೊಯ್ದು ಭೂಮಿಯ ಒಳಗನ್ನು ತೋರಿಸಿದ್ದಳು. ಸಿಪ್ಪೆ ಅಂದರೆ ನಾವು ಓಡಾಡುವ ನೆಲ, ಅದರ ಕೆಳಗೆ ಕಾದ ಬಂಡೆ, ನಡುವೆ ಕರಗುವಷ್ಟು ಕಾದ ಲೋಹ. ಆಳಕ್ಕೆ ಹೋದಷ್ಟೂ ಕಾವು ಜಾಸ್ತಿ. ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದ್ದರು. ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಈಗ ಬಿಸಿಲಲ್ಲಿ ಬಿರಬಿರನೆ ನಡೆದು ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೈರಮ್ಮ, ನಾನು ಹೇಳಿದ ಕಾವು ಇರೋದು ಮೈಲಿಗಟ್ಟಲೆ ಕೆಳಗೆ. ನಡುಭಾಗಕ್ಕೆ ನಾಲ್ಕು ಸಾವಿರ ಮೈಲಿ. ಇದು ಬರೀ ಅರವತ್ತು ಅಡಿ."

"ನೀವು ನೋಡಿದ್ದೀರಾ?"

"ಯಾರೂ ನೋಡಿಲ್ಲ. ಭೂಕಂಪ ಆದಾಗ ಅದರ ಅಲೆ ಅಳೆದು, ಲೆಕ್ಕ ಹಾಕಿ ತಿಳ್ಕೊಂಡಿದ್ದಾರೆ."

"ಮತ್ತೆ ಇವ್ರಿಗ್ಯಾಕೆ ಇಂಗಾಯ್ತು? ಮೊನ್ನೆ ಮದ್ದು ಹೊಡೆದ ಮ್ಯಾಕೆ ಒಂದ್ ಗಳಿಗೆ ಇಳಿದು ಬಂದ್ರು. ತಲೆ ಸುತ್ತು, ಉಸಿರು ಕಟ್ಟತೈತೆ ಅಂತ ಗೋಡೆ ಹಿಡ್ಕಂಡು ಕೂತ್ರು. ರಾತ್ರಿ ಹಿಟ್ಟೇ ಮುಟ್ಲಿಲ್ಲ."

"ಬಿಸಿಲಿಗೆ ಹಾಗಾಗಿರುತ್ತೆ," ಎಂದಳು ಗೋದಾ. ಶಾಲೆಯಲ್ಲಿ ಐದನೇ ತರಗತಿ ಕಾಯುತ್ತಿತ್ತು. ಮುನಿರಾಮಯ್ಯ ಅವಳನ್ನೇ ನೋಡುತ್ತಿದ್ದ. "ವೆಂಕಟಸ್ವಾಮಿಯವರೇ, ಧೈರ್ಯವಾಗಿ ಇಳೀರಿ. ಏನೂ ಆಗಲ್ಲ."

ವೆಂಕಟಸ್ವಾಮಿ ಅಂಚಿಗೆ ಸರಿದ. ಬೈರಮ್ಮ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ನನ್ ಕಣ್ಣಿಗೆ ತಳ ತೋರ್ಸಿ. ಆಮ್ಯಾಕೆ ಬಿಡ್ತೀನಿ."

ಮುನಿರಾಮಯ್ಯ ಗೊಣಗುತ್ತಲೇ ಲಾಟೀನು ತರಿಸಿದ. ಹೊತ್ತಿಸಿ, ಬೇರೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಎಲ್ಲರೂ ಬಗ್ಗಿದರು. ಕೆಮ್ಮಣ್ಣು ಕಾಣಿಸಿತು, ಅದರ ಕೆಳಗೆ ಪುಡಿಗಲ್ಲಿನ ಗರಸು, ಆಮೇಲೆ ಬೂದುಬಣ್ಣದ ಬಂಡೆ. ಬಂಡೆಯನ್ನು ಸೀಳಿಕೊಂಡು ಕಪ್ಪು ಪಟ್ಟೆಯೊಂದು ಓರೆಯಾಗಿ ಹೋಗಿತ್ತು. ಗೋದಾಗೆ ತಡೆಯಲಾಗಲಿಲ್ಲ.

"ಅಗೋ ಬೈರಮ್ಮ, ಆ ಕರಿ ಕಲ್ಲು! ಅದು ಒಂದು ಕಾಲದಲ್ಲಿ ಕರಗಿ ಬಿರುಕಿನೊಳಗೆ ನುಗ್ಗಿದ್ದು. ತಣ್ಣಗಾಗಿ ಎಷ್ಟೋ ಕೋಟಿ ವರ್ಷ ಆಯ್ತು. ನೋಡಿ, ಹೆದರೋಕೆ..."

ಲಾಟೀನಿನ ಉರಿ ಕುಗ್ಗಿತು. ಕೆಂಪಗೆ ಒಂದು ಕ್ಷಣ ನಿಂತು ಆರಿಹೋಯಿತು.

"ಗಾಳಿಗೆ," ಎಂದ ಮುನಿರಾಮಯ್ಯ.

ಗಾಳಿ ಎಲ್ಲಿತ್ತು? ಹೊಂಗೆಯ ಎಲೆ ಕೂಡ ಅಲುಗುತ್ತಿರಲಿಲ್ಲ. ಮೇಲೆಳೆದು ನೋಡಿದರು. ಗಾಜು ಸರಿಯಾಗಿತ್ತು. ಅಲುಗಾಡಿಸಿದರೆ ಎಣ್ಣೆ ಕುಲುಕಿತು. ಮತ್ತೆ ಹೊತ್ತಿಸಿ ಇಳಿಬಿಟ್ಟರು. ಅದೇ ಆಳದಲ್ಲಿ, ಯಾರೋ ಬತ್ತಿ ಚಿವುಟಿದ ಹಾಗೆ, ಮತ್ತೆ ಆರಿತು. ಆಳುಗಳ ನಗು ನಿಂತಿತ್ತು.

ಗೋದಾಗೆ ಆಗ ಹೊಳೆಯಿತು. ದೀಪ ಉರಿಯದ ಕಡೆ ಮನುಷ್ಯ ಉಸಿರಾಡಲಾರ. ಮದ್ದಿನ ಕೆಟ್ಟ ಗಾಳಿ ಇಕ್ಕಟ್ಟಾದ ಬಾವಿಯ ತಳದಲ್ಲಿ ಎರಡು ದಿನದಿಂದ ಹಾಗೇ ಕೂತಿತ್ತು. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಬೇರೆ ಪಾಠದಲ್ಲಿತ್ತು, ಅಷ್ಟೆ.

"ಇಳೀಬೇಡಿ," ಎಂದಳು. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು.

ವೆಂಕಟಸ್ವಾಮಿ ಅಂಚಿನಿಂದ ಹಿಂದೆ ಸರಿದು ಮಣ್ಣಗುಡ್ಡೆಯ ಮೇಲೆ ಕೂತ. ಬೈರಮ್ಮ ಅವನ ಸೊಂಟದ ಗಂಟು ಬಿಚ್ಚಿದಳು. ಹಗ್ಗ ಸುತ್ತಿದ್ದ ಅವಳ ಮುಂಗೈ ಕೆಂಪಗೆ ಬಾತಿತ್ತು.

ಕೆಟ್ಟ ಗಾಳಿ ಹೋಗಲೆಂದು ಸೊಪ್ಪಿನ ಕೊಂಬೆ ಕಟ್ಟಿ ಮೂರು ದಿನ ಬಾವಿಯೊಳಗೆ ಎಳೆದಾಡಿದರು, ಕೊಡಗಟ್ಟಲೆ ನೀರು ಎರಚಿದರು. ನಾಲ್ಕನೇ ದಿನ ಲಾಟೀನು ತಳದಲ್ಲೂ ಉರಿಯಿತು. ವೆಂಕಟಸ್ವಾಮಿ ಇಳಿದ. ಇನ್ನೆಂಟು ಅಡಿಗೆ ನೀರು ಸಿಕ್ಕಿತು. ಗೋದಾಗೆ ಮಾತ್ರ ಸಮಾಧಾನ ಸಿಗಲಿಲ್ಲ. ಹೆಬ್ಬಾಳದ ತನ್ನ ಮನೆಯಲ್ಲಿ ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, 'ಇಳೀರಿ, ಏನೂ ಆಗಲ್ಲ' ಎಂಬ ತನ್ನದೇ ದನಿ ಕೇಳಿಸುತ್ತಿತ್ತು.

ಮುಂದಿನ ವಾರ ಹೆಂಗಸರು ಬಂದು ಕೂತಾಗ ಅವಳು ಕಪ್ಪುಹಲಗೆಯ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದಳು. ನಡುವಿನ ವೃತ್ತಕ್ಕೆ ಹೆಸರು ಬರೆಯಲು ಹೋದಾಗ ಬೈರಮ್ಮ ಎದ್ದು ನಿಂತಳು.

"ನಡುವಿಂದು ಆಮ್ಯಾಕೆ ಯೋಳಿ ಟೀಚರಮ್ಮ. ನಾವು ಬಾವಿ ತೋಡ್ತೀವಲ್ಲ, ಅದು ಇದ್ರಲ್ಲಿ ಎಲ್ಲೈತೆ?"

ಗೋದಾ ಹೊರಗಿನ ಗೆರೆಯ ಮೇಲೆ ಬೆರಳಿಟ್ಟು, "ಈ ಗೆರೆಯ ದಪ್ಪದಲ್ಲೇ ಎಲ್ಲೋ," ಎಂದು ತೋರಿಸಿದಳು. ಬೆರಳು ತೆಗೆದಾಗ ಅಲ್ಲಿ ಗೆರೆ ಅಳಿಸಿಹೋಗಿತ್ತು.