ಹಳೆಯ ಗುರುತಿನ ಪದ

ಗುರುತಿಲ್ಲದ ವಿಮಾನವೊಂದು ಗಡಿ ದಾಟಿ ನುಗ್ಗಿಬಂತು. ಕ್ಷಿಪಣಿ ಪಡೆಯ ಮೇಜರ್ ಚಿತ್ಕಳಾ ರೇಡಿಯೋದಲ್ಲಿ ಅಂದಿನ ಗುರುತಿನ ಪದ ಕೇಳಿದಳು. ಕರಕರ ಸದ್ದಿನ ನಡುವೆ ಹರಿದುಹೋದ ದನಿಯೊಂದು "ದಾಸವಾಳ" ಎಂದಿತು.

"ಹಳಸಿದ ಅನ್ನ ಬಡಿಸ್ತಿದಾರೆ ಮೇಡಂ!" ಎಂದ ಹವಾಲ್ದಾರ. "ನಿಮ್ಮ ತಮ್ಮ ಸೆರೆಸಿಕ್ಕ ದಿನವೇ ಆ ಪದ ಬದಲಾಯಿಸಿದ್ವಲ್ಲ?"

ಪೈಲಟ್ ತಮ್ಮನ ನೆನಪಾಗಿ ಅವಳು ಕೆರಳಿದಳು. "ಅವನ ಉಗುರು ಕಿತ್ತು ಬಾಯಿ ಬಿಡಿಸಿದಾರೆ, ಪಾಪಿಗಳು. ಹೊಡೀರಿ!"

ಕ್ಷಿಪಣಿ ಚಿಮ್ಮಿತು. ವಿಮಾನ ಎರಡು ತುಂಡಾಗಿ, ಉರಿಯುತ್ತ ಗುಡ್ಡಕ್ಕೆ ಅಪ್ಪಳಿಸಿತು. "ಸುಟ್ಟು ಬೂದಿಯಾಗು!" ಎಂದು ಅವಳು ಮುಷ್ಟಿ ಬಿಗಿದು ಕೂಗಿದಳು.

ಸಂಜೆ ಶತ್ರುದೇಶದ ರೇಡಿಯೋ ವಾರ್ತೆ ಬಿತ್ತರಿಸಿತು: "ನಮ್ಮ ಸೆರೆಯಲ್ಲಿದ್ದ ಪೈಲಟ್ ನಮ್ಮದೇ ವಿಮಾನ ಕದ್ದು ತನ್ನ ನಾಡಿಗೆ ಪರಾರಿಯಾಗಿದ್ದಾನೆ."